ಹೆಬ್ಬಾವಿನ ಹನ್ನೊಂದು ಮೊಟ್ಟೆ, ನಿಮ್ಮ ಮೂವತ್ತೊಂದು ಗಂಟೆ

ನಮ್ಮ ಜಿಲ್ಲೆಯ ವಿದ್ಯುತ್ ವಿತರಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಕರೆಯುವ ಮುನ್ನ ಒಂದು ಲೆಕ್ಕ ಒಪ್ಪಿಸುತ್ತೇನೆ. ನಿಮ್ಮ ಲೈನ್‌ಮನ್‌ನ ಎರಡು ಹಲ್ಲು, ಮೇಲಿನ ಸಾಲಿನವು, ನಗುವಾಗ ಕಾಣುವಂಥವು. ಅವನ ಜೊತೆಗಾರನ ಎಡಗಿವಿಯ ಅಂಚಿನಿಂದ ಒಂದು ಚೂರು. ನನ್ನ ಮೇಲ್ತುಟಿಗೆ ನಾಲ್ಕು ಹೊಲಿಗೆ. ಎಪ್ಪತ್ತೊಂದು ವರ್ಷದ ರಾಂಗೆಲ್‌ನ ಎರಡು ಪಕ್ಕೆಲುಬು. ನಮ್ಮ ಕಟ್ಟಡದ ಬಾಗಿಲಿನ ಗಾಜು. ತೀರಿಕೊಂಡ ಹೆಂಗಸೊಬ್ಬಳ ಮುಖ, ಸ್ಕ್ರೂಡ್ರೈವರಿನಿಂದ ಕೆರೆದದ್ದು. ಹದಿನೇಳು ವರ್ಷದ ಒಂದು ಹೆಬ್ಬಾವು, ಬೂದಿ ಸಲಿಕೆಯ ಐದು ಏಟಿಗೆ. ಅದರ ಹನ್ನೊಂದು ಮೊಟ್ಟೆಗಳಲ್ಲಿ ಏಳು. ಹಣದ ಬಾಬತ್ತು ಇದರಲ್ಲಿ ಒಂದೂ ಇಲ್ಲ, ಗಾಬರಿಯಾಗಬೇಡಿ. ಇಷ್ಟೂ ಆದದ್ದು ಮಾರ್ಚ್ ಒಂಬತ್ತು ಮತ್ತು ಹತ್ತರಂದು. ಆ ಎರಡು ದಿನ ನಿಮ್ಮ ಕಚೇರಿ ಎಂಟು ಗಂಟೆಯ ಹೊತ್ತು ಎಂದು ಕರೆಂಟು ತೆಗೆದು, ಮೂವತ್ತೊಂದು ಗಂಟೆ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡಿತ್ತು.

ಮಾನ್ಯರೇ, ನನ್ನ ದೂರಿಗೆ ನೀವು ಏಪ್ರಿಲ್ ಇಪ್ಪತ್ತರಂದು ಕೊಟ್ಟ ಉತ್ತರ ನನ್ನ ಮುಂದಿದೆ. ಮೂರು ವಾಕ್ಯ. ‘ಸೂಚನೆಯನ್ನು ನಿಯಮಾನುಸಾರ ಏಳು ದಿನ ಮುಂಚಿತವಾಗಿ ಕಟ್ಟಡದ ಬಾಗಿಲಿಗೆ ಅಂಟಿಸಲಾಗಿದೆ. ಸರೀಸೃಪಗಳ ಮೊಟ್ಟೆಗಳು ರಕ್ಷಿತ ಬಳಕೆದಾರರ ವರ್ಗದಲ್ಲಿ ಬರುವುದಿಲ್ಲ. ವಿಳಂಬಕ್ಕೆ ನಿವಾಸಿಗಳ ಹಿಂಸಾಚಾರವೇ ಕಾರಣ.’ ಮೊದಲ ವಾಕ್ಯ ನಿಜ. ಎರಡನೆಯದೂ ನಿಜ. ಮೂರನೆಯದು ಹಸಿ ಸುಳ್ಳು. ಮೂರರಲ್ಲಿ ಎರಡು ನಿಜವಿದ್ದರೆ ಕಚೇರಿಯ ಪತ್ರಕ್ಕೆ ಅದು ಒಳ್ಳೆಯ ಸರಾಸರಿಯೇ ಸರಿ. ಆದರೆ ಮೊಟ್ಟೆಗಳು ಸತ್ತದ್ದು ಆ ಮೂರನೆಯದು ಮುಚ್ಚಿಟ್ಟದ್ದರಿಂದ. ಅದನ್ನು ಊರೆಲ್ಲ ಓದಲಿ ಎಂದೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಯಾರು ಎಂಬುದನ್ನು ಮೊದಲು ಹೇಳಬೇಕು. ಹೆಸರು ಗಿನ್ಕಾ. ಹದಿನಾಲ್ಕನೇ ಕಟ್ಟಡದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೀಲಿಕೈ ಮಾಡಿಕೊಡುತ್ತೇನೆ. ಮನೆ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅಂಗಡಿಯ ಕಿಟಕಿ ರಸ್ತೆಯ ಮಟ್ಟದಲ್ಲಿದೆ. ಗಿರಾಕಿ ಕುಕ್ಕರುಗಾಲಲ್ಲಿ ಕೂತೇ ನನ್ನೊಡನೆ ವ್ಯವಹಾರ ಮಾಡಬೇಕು. ಇಂಥ ಕಿಟಕಿಯಲ್ಲಿ ಕೂತವರಿಗೆ ಮನುಷ್ಯರ ಮುಖಕ್ಕಿಂತ ಮೊಣಕಾಲಿನ ಪರಿಚಯ ಹೆಚ್ಚು. ಹದಿನೇಳು ವರ್ಷದ ಹಿಂದೆ ಡ್ಯಾನ್ಯೂಬ್ ನದಿಯ ಸರಕು ದೋಣಿಯ ಒಬ್ಬ ಆಳು ಹೀಗೇ ಕೂತು, ಗಂಟು ಕಟ್ಟಿದ ಒಂದು ದಿಂಬಿನ ಚೀಲ ಒಳಗೆ ತೂರಿಸಿ, “ಸಂಜೆ ಬರ್ತೀನಕ್ಕ, ಇಟ್ಕೊಂಡಿರು” ಎಂದು ಹೋದ. ಅವನ ಸಂಜೆ ಇನ್ನೂ ಆಗಿಲ್ಲ. ಚೀಲದಲ್ಲಿ ನನ್ನ ಮೊಣಕೈಯಷ್ಟು ಉದ್ದದ ಹೆಬ್ಬಾವಿನ ಮರಿ ಇತ್ತು. ಮಾರ್ಗಾ ಎಂದು ಹೆಸರಿಟ್ಟೆ. ಪರವಾನಗಿ ಮಾಡಿಸಿದೆ, ಗಾಜಿನ ಮನೆ ಕಟ್ಟಿಸಿದೆ, ಅದಕ್ಕೊಂದು ಗಂಡನ್ನೂ ತಂದೆ. ಈ ಜನವರಿ ಇಪ್ಪತ್ನಾಲ್ಕಕ್ಕೆ ಅದು ಹನ್ನೊಂದು ಮೊಟ್ಟೆ ಇಟ್ಟಿತು. ಅದರ ವಯಸ್ಸಿಗೆ ಅದೇ ಕೊನೆಯದು ಎಂದು ಪಶುವೈದ್ಯರು ಮೊದಲೇ ಹೇಳಿದ್ದರು.

ಹೆಬ್ಬಾವಿನ ಮೊಟ್ಟೆಯ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂಥ ಹೊದಿಕೆ. ಇಟ್ಟ ಮೇಲೆ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗುತ್ತವೆ. ಕೋಳಿಮೊಟ್ಟೆಯ ಹಾಗೆ ಹೊರಳಿಸಿದರೆ ಒಳಗಿನ ಜೀವ ತನ್ನ ನೀರಲ್ಲೇ ಮುಳುಗುತ್ತದೆ. ಅದಕ್ಕೇ ನೆತ್ತಿಯ ಮೇಲೆ ಪೆನ್ಸಿಲ್ ಗುರುತು ಹಾಕಿಡುತ್ತೇವೆ. ಕಾವುಪೆಟ್ಟಿಗೆಯಲ್ಲಿ ಮೂವತ್ತೊಂದೂವರೆ ಡಿಗ್ರಿ ಇರಬೇಕು. ಮೂವತ್ತಮೂರಾದರೆ ಬೇಯುತ್ತವೆ. ಇಪ್ಪತ್ತಾರಕ್ಕೆ ಇಳಿದು ಅಲ್ಲೇ ಕೆಲವು ಗಂಟೆ ನಿಂತರೆ ಮೊದಲು ಬೆನ್ನೆಲುಬು ಕೊಕ್ಕೆಯಾಗುತ್ತದೆ, ಆಮೇಲೆ ಗುಂಡಿಗೆ ನಿಲ್ಲುತ್ತದೆ. ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ಮಾರ್ಚ್ ಒಂಬತ್ತರ ಗುರುವಾರಕ್ಕೆ ಅವು ನಲವತ್ತನಾಲ್ಕು ದಿನ ತುಂಬಿಸಿದ್ದವು. ಹನ್ನೊಂದಕ್ಕೆ ಹನ್ನೊಂದೂ ಬದುಕಿದ್ದವು. ಟಾರ್ಚ್ ಹಿಡಿದರೆ ಒಳಗೆ ಕೆಂಪು ನರ, ನರದ ನಡುವೆ ಮಿಡಿತ. ಇನ್ನು ಹತ್ತು ದಿನ ಕಾದಿದ್ದರೆ ಸಾಕಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹೋಯಿತು. ಹೊರಗೆ ಸೊನ್ನೆಗಿಂತ ನಾಲ್ಕು ಕೆಳಗೆ. ಒಂಬತ್ತೂ ನಲವತ್ತಕ್ಕೆ ನಿಮ್ಮ ದೂರವಾಣಿಯ ಹೆಂಗಸು, ಮುದ್ರಿಸಿಟ್ಟ ಹೆಂಗಸು, ಜೇನಿನಂಥ ದನಿಯಲ್ಲಿ ಹೇಳಿದಳು: ಯೋಜಿತ ದುರಸ್ತಿ, ಐದರವರೆಗೆ, ಸೂಚನೆ ನೀಡಲಾಗಿದೆ. ಎಲ್ಲಿ ನೀಡಲಾಗಿದೆ? ಲಿಫ್ಟು ನಿಂತಿತ್ತು. ನಾಲ್ಕು ಮಹಡಿ ಇಳಿದು ಬಾಗಿಲು ನೋಡಿದೆ. ಅಲ್ಲಿ ಇದ್ದವರೆಲ್ಲ ಸತ್ತವರು.

ಇದು ನಿಮ್ಮ ಕಚೇರಿಗೆ ತಿಳಿಯದ ಸಂಗತಿಯಲ್ಲ. ನೀವೂ ಈ ಊರಿನವರೇ, ನಿಮ್ಮ ಮನೆಯ ಬಾಗಿಲಲ್ಲೂ ಇರುತ್ತದೆ. ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಬಿಳಿ ಹಾಳೆಯಲ್ಲಿ ಅವರ ಫೋಟೋ, ಹೆಸರು ಹಾಕಿ ಕಟ್ಟಡದ ಬಾಗಿಲಿಗೆ ಅಂಟಿಸುತ್ತೇವೆ. ಒಂಬತ್ತನೇ ದಿನಕ್ಕೆ ಒಂದು, ನಲವತ್ತನೇ ದಿನಕ್ಕೆ ಒಂದು, ಆರು ತಿಂಗಳಿಗೆ, ವರ್ಷಕ್ಕೆ. ಆ ಚೀಟಿಯನ್ನು ಯಾರೂ ಕೀಳುವುದಿಲ್ಲ. ಕೀಳುವ ಹಕ್ಕು ಮಳೆಗೆ ಮತ್ತು ಬಿಸಿಲಿಗೆ ಮಾತ್ರ. ಇಂಥ ಬಾಗಿಲಿಗೆ ನೀವು ಮಾರ್ಚ್ ಎರಡರಂದು ಏನನ್ನು ಅಂಟಿಸಿದಿರಿ? ಅದೇ ಅಳತೆಯ ಬಿಳಿ ಹಾಳೆ. ಅದಕ್ಕೂ ಕಪ್ಪು ಅಂಚು! ಯಾವ ಮಹಾನುಭಾವರು ಆ ಅಂಚು ಹಾಕಿಸಿದರೋ ಕಾಣೆ. ನಾನು ಆ ಹಾಳೆಯನ್ನು ನೋಡಿಲ್ಲ ಎಂದು ಸುಳ್ಳು ಹೇಳಲಾರೆ. ಕನ್ನಡಕವಿಲ್ಲದೆ ಮೂರು ದಿನ ಅದರ ಮುಂದೆ ಹಾದುಹೋಗಿದ್ದೇನೆ. ಪಾಪ, ಫೋಟೋ ಕೂಡ ಇಲ್ಲದೆ ಹೋದ ಜೀವ ಯಾವುದೋ ಎಂದು ಶಿಲುಬೆ ಗುರುತು ಹಾಕಿಕೊಂಡು ಕೆಲಸಕ್ಕೆ ಇಳಿದಿದ್ದೇನೆ. ಐದನೇ ತಾರೀಖು ಮೊದಲ ಮಹಡಿಯ ರಾಂಗೆಲ್ ತನ್ನ ಹೆಂಡತಿ ಯೊರ್ದಾನಾಳ ನಲವತ್ತರ ಚೀಟಿ ತಂದ. ಉಳಿದ ಎಲ್ಲ ಚೀಟಿಯಲ್ಲೂ ಮುಖವಿತ್ತು. ಮುಖದ ಮೇಲೆ ಅಂಟಿಸುವುದು ಪಾಪ. ಮುಖವಿಲ್ಲದ್ದು ಒಂದೇ ಇತ್ತು. ಅದರ ಮೇಲೆ ಮೈದಾ ಅಂಟು ಬಳಿದು ಯೊರ್ದಾನಾಳನ್ನು ಕೂರಿಸಿದ. ಎಪ್ಪತ್ತೆರಡು ಮನೆಗಳ ಎಂಟು ಗಂಟೆಯ ಕತ್ತಲೆ ಅವಳ ಬೆನ್ನ ಹಿಂದೆ ಹೋಯಿತು.

ಮಧ್ಯಾಹ್ನಕ್ಕೆ ಪೆಟ್ಟಿಗೆ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ನಮ್ಮ ಕಟ್ಟಡದಲ್ಲಿ ಅಡುಗೆ, ಬಿಸಿ, ಬೆಳಕು ಎಲ್ಲವೂ ನಿಮ್ಮ ತಂತಿಯಿಂದಲೇ. ಸೌದೆ ಒಲೆ ಇದ್ದದ್ದು ರಾಂಗೆಲ್‌ನೊಬ್ಬನ ಮನೆಯಲ್ಲಿ, ಕಿಟಕಿಯಿಂದ ಹೊಗೆಕೊಳವೆ ಹೊರಗಿಟ್ಟುಕೊಂಡು. ಬಾಗಿಲು ತಟ್ಟಿದೆ. ನಾಳೆಯ ನಲವತ್ತಕ್ಕೆ ಸಮಾಧಿಯ ಬಳಿ ಹಂಚಲು ಅವನು ದೊಡ್ಡ ಹಂಡೆಯಲ್ಲಿ ಗೋಧಿ ಬೇಯಿಸುತ್ತಿದ್ದ.

“ಬಿಸಿನೀರು ಬೇಕಿತ್ತು ರಾಂಗೆಲಣ್ಣ.”

“ಚಹಾಕ್ಕೋ, ಅವಕ್ಕೋ?”

“ಅವಕ್ಕೇ.”

“ನಿನ್ನ ಹಾವುಗಳನ್ನ ಓಡಿಸಬೇಕು ಅಂತ ಯೊರ್ದಾನಾ ಮೂರು ಸಲ ಸಹಿ ಸಂಗ್ರಹ ಮಾಡಿದ್ಳು. ಮೂರರಲ್ಲೂ ಮೊದಲನೇ ಸಹಿ ನಂದು. ಗೊತ್ತು ತಾನೆ?”

“ಗೊತ್ತು. ನಿನ್ನ ಒಲೆ ಹೊಗೆ ಮೇಲೆ ನಾನೂ ಎರಡು ಅರ್ಜಿ ಬರ್ದಿದೀನಿ. ಎರಡರಲ್ಲೂ ಒಂದೇ ಸಹಿ, ನಂದೇ.”

“ಹಂಗಾದ್ರೆ ಸರಿಗೆ ಸರಿ ಆಯ್ತು. ಪಾತ್ರೆ ಎಲ್ಲಿ?”

ಹೀಗೆ ಬಾಟಲಿಗೆ ಬಿಸಿನೀರು ತುಂಬುವುದು, ಮೂರು ಮಹಡಿ ಹತ್ತುವುದು, ಪೆಟ್ಟಿಗೆಯಲ್ಲಿಡುವುದು, ತಣಿದದ್ದನ್ನು ಇಳಿಸಿ ತರುವುದು. ಏಳು ಸಲ. ನನಗೆ ಐವತ್ತೆಂಟು ವರ್ಷ. ಪೆಟ್ಟಿಗೆಯನ್ನು ಮೂವತ್ತರಲ್ಲಿ ಹಿಡಿದು ನಿಲ್ಲಿಸಿದ್ದೆ. ಐದು ಗಂಟೆಗೆ ನೀವು ಮಾತು ಉಳಿಸಿಕೊಂಡಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ನಾಲ್ಕೂ ಕಾಲಿಗೆ ನಿಮ್ಮ ಇಬ್ಬರು ಲೈನ್‌ಮನ್‌ಗಳು ನೆಲಮಾಳಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದರು. ಕೇಳಿದ್ದು ನನ್ನ ತಪ್ಪು. ಹೇಳದೆ ಕೇಳದೆ ಹೀಗೆ ಮಾಡಬಹುದೇ ಎಂದೆ. ಅವರಲ್ಲಿ ದೊಡ್ಡವನು, ಆಸ್ಪಾರುಖ್ ಎಂಬವನು, ಸೊಂಟದ ಮೇಲೆ ಕೈಯಿಟ್ಟ.

“ಏನಮ್ಮಾ, ಓದೋಕೆ ಬರಲ್ವಾ?”

“ಕಾಣಿಸಿದ್ರೆ ಓದ್ತೀನಪ್ಪಾ.”

“ನಾನೇ ಕೈಯಾರೆ ಅಂಟಿಸಿದೀನಿ. ಇದೇ ಬಾಗಿಲು. ಈ ಮುದುಕಿ ಕೆಳಗಿದೆ ನೋಡು.” ಯೊರ್ದಾನಾಳ ಹಣೆಯ ಮೇಲೆ ಬೆರಳಿನಿಂದ ತಟ್ಟಿದ.

“ಕೈ ತೆಗಿ. ನಾಳೆ ಅವಳ ನಲವತ್ತು.”

“ಮೊದ್ಲು ಅಂಟಿಸಿದ್ದು ನಾವು. ಆಮೇಲೆ ದೂರು ಬರೀತೀರಲ್ಲ, ನೋಡೇಬಿಡು ಕಣ್ತುಂಬ.”

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅಂಟು ಒಣಗಿತ್ತು, ಹಾಳೆ ಸಲೀಸಾಗಿ ಏಳಲಿಲ್ಲ. ಕೆರೆದ. ಮೊದಲು ಗಲ್ಲ ಹೋಯಿತು, ಆಮೇಲೆ ಬಾಯಿ, ಆಮೇಲೆ ಒಂದು ಕಣ್ಣು ಸುರುಳಿ ಸುತ್ತಿಕೊಂಡು ಅವನ ಬೂಟಿನ ಮೇಲೆ ಬಿತ್ತು. ಅಡಿಯಲ್ಲಿ ನಿಮ್ಮ ಸೂಚನೆ ಕಂಡಿತು. ಒಪ್ಪುತ್ತೇನೆ ಮಾನ್ಯರೇ, ಕಂಡಿತು: ತಾರೀಖು, ಗಂಟೆ, ಮೊಹರು. ಅವನು ಅದನ್ನು ಜೋರಾಗಿ ಓದತೊಡಗಿದ. ಮೆಟ್ಟಿಲ ಮೇಲೆ ರಾಂಗೆಲ್ ನಿಂತಿದ್ದ, ಒಲೆ ಕೆದಕುವ ಕಬ್ಬಿಣದ ಸಲಾಕೆ ಕೈಯಲ್ಲೇ ಇತ್ತು. ಮೂರು ಮೆಟ್ಟಿಲು ಇಳಿದು ಓದುತ್ತಿದ್ದ ಬಾಯಿಗೇ ಹೊಡೆದ.

ಹಲ್ಲು ಮುರಿದ ಸದ್ದು ಕೀಲಿಕೈ ತುಂಡಾದ ಸದ್ದಿನ ಹಾಗೆಯೇ ಇರುತ್ತದೆ ಎಂದು ಅಂದು ತಿಳಿಯಿತು. ಆಸ್ಪಾರುಖ್ ಗಾಜಿನ ಮೇಲೆ ಬಿದ್ದ, ಗಾಜು ಅವನ ಮೇಲೆ ಬಿತ್ತು. ಎರಡನೆಯವನು ಮಡಚುವ ಏಣಿಯಿಂದ ರಾಂಗೆಲ್‌ನ ಎದೆಗೆ ಗುದ್ದಿದ. ಮುದುಕ ಗೋಡೆಗೆ ಒರಗಿ ಕೂತ. ಕೂತವನಿಗೆ ಮತ್ತೊಮ್ಮೆ ಗುದ್ದಿದ. ನಡುವೆ ಹೋದೆ. ಅವನ ಮೊಣಕೈ ನನ್ನ ತುಟಿ ಸೀಳಿತು. ಮುಂದಿನದ್ದು ನನ್ನ ಖಾತೆಗೆ ಬರೆದುಕೊಳ್ಳಿ. ನನ್ನ ಸೊಂಟದಲ್ಲಿ ಇನ್ನೂರರಷ್ಟು ಕೀಲಿಗಳ ಕಬ್ಬಿಣದ ಬಳೆ ಯಾವಾಗಲೂ ಇರುತ್ತದೆ. ಅದನ್ನು ಬೀಸಿದೆ. ಅವನ ಕಿವಿಯ ಚೂರು ಯಾವ ಕೀಲಿಗೆ ಸಿಕ್ಕಿ ಬಂತೋ ಇವತ್ತಿಗೂ ಗೊತ್ತಿಲ್ಲ. ಪಶ್ಚಾತ್ತಾಪವಿದೆಯೇ ಎಂದು ನ್ಯಾಯಾಲಯ ಕೇಳಿದರೆ ಯೋಚಿಸಿ ಹೇಳುತ್ತೇನೆ.

ಪೊಲೀಸರು ಬಂದರು. ಪಕ್ಕೆಲುಬು ಹಿಡಿದುಕೊಂಡಿದ್ದ ರಾಂಗೆಲ್‌ನನ್ನು ಕರೆದೊಯ್ದರು, ಅವನ ಮನೆಗೆ ಬೀಗ ಹಾಕಿಸಿದರು. ನಿಮ್ಮವರು ವ್ಯಾನು ಹತ್ತಿದರು. ನನ್ನ ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದಾಗ ಐದೂ ಮುಕ್ಕಾಲು, ಕರೆಂಟಿಲ್ಲ. ಮತ್ತೆ ಫೋನು. ಈ ಸಲ ಜೀವಂತ ಹುಡುಗಿ: “ಸಿಬ್ಬಂದಿಯ ಸುರಕ್ಷತೆ ಖಾತ್ರಿಯಾಗುವವರೆಗೆ ಕಾಮಗಾರಿ ಸ್ಥಗಿತ, ಮೇಡಂ.” ಒಬ್ಬ ಮುದುಕನ ಒಂದು ಏಟಿಗೆ ಎಪ್ಪತ್ತೆರಡು ಮನೆಗಳ ದೀಪ! ಕೂಸುಗಳಿದ್ದ ಮನೆ, ಆಮ್ಲಜನಕದ ಯಂತ್ರ ಹಾಕಿಕೊಂಡ ಆರನೇ ಮಹಡಿಯ ಅಜ್ಜಿ, ಎಲ್ಲರೂ ನಿಮ್ಮ ಲೆಕ್ಕದಲ್ಲಿ ರಾಂಗೆಲ್‌ನ ಕೈಯ ಸಲಾಕೆಗಳೇ?

ಪೆಟ್ಟಿಗೆ ಆಗ ಇಪ್ಪತ್ತೇಳೂವರೆ. ಒಲೆಯಿದ್ದ ಮನೆಗೆ ಬೀಗ. ನಾನು ಕೀಲಿ ಮಾಡುವವಳು. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದರೆ ಊರಿನವರಿಗೆ ಅವರವರ ಬೀಗದ ಮೇಲೆ ನಂಬಿಕೆ ಹೋದೀತು. ಒಳಗೆ ಕೆಂಡ ಇನ್ನೂ ಇತ್ತು. ಸೌದೆ ಒಟ್ಟಿದೆ. ತಳ ಹತ್ತತೊಡಗಿದ್ದ ಗೋಧಿಯನ್ನು ತಿರುವಿದೆ, ಬೆಂದ ಮೇಲೆ ಬಸಿದು, ಪದ್ಧತಿಯಂತೆ ಬಟ್ಟೆಯ ಮೇಲೆ ಹರವಿದೆ. ಮೊಟ್ಟೆಯ ಗೊಂಚಲನ್ನು ಪೆನ್ಸಿಲ್ ಗುರುತು ಮೇಲಾಗಿಯೇ ಹಿಡಿದು, ಕೋಟಿನೊಳಗಿಟ್ಟು, ಒಂದೊಂದೇ ಮೆಟ್ಟಿಲು ಇಳಿಸಿ ತಂದೆ. ಆದರೆ ಕಬ್ಬಿಣದ ಒಲೆಯ ಬಿಸಿಗೆ ಹದವೆಂಬುದಿಲ್ಲ. ಹತ್ತಿರ ಇಟ್ಟರೆ ನಲವತ್ತು, ಎರಡು ಹೆಜ್ಜೆ ಆಚೆ ಇಪ್ಪತ್ತಮೂರು. ಅರ್ಧ ಗಂಟೆ ಆಚೆ ಈಚೆ ಸರಿಸಿ ಸಾಕಾಯಿತು. ಆಗ ಮೇಲೆ ಹೋಗಿ ಮಾರ್ಗಾಳನ್ನು ಹೆಗಲ ಮೇಲೆ ಹೊತ್ತು ತಂದೆ.

ಈ ಜಾತಿಯ ಹೆಬ್ಬಾವು ತನ್ನ ಮೊಟ್ಟೆಗೆ ತಾನೇ ಕಾವು ಕೂರುತ್ತದೆ. ಸುತ್ತಲೂ ಸುರುಳಿಯಾಗಿ ಬಿಗಿದುಕೊಂಡು ಮೈಯ ಸ್ನಾಯುಗಳನ್ನು ನಡುಗಿಸುತ್ತದೆ, ಆ ನಡುಕದಿಂದ ಬಿಸಿ ಹುಟ್ಟುತ್ತದೆ. ಸಾಕುವ ನಾವು ಅದನ್ನು ನಂಬುವುದಿಲ್ಲ. ತಾಯಿ ಸೊರಗುತ್ತದೆ ಎಂದು ಮೊದಲ ದಿನವೇ ಸುರುಳಿ ಬಿಡಿಸಿ ಮೊಟ್ಟೆಗಳನ್ನು ಯಂತ್ರಕ್ಕೆ ಒಪ್ಪಿಸುತ್ತೇವೆ, ಅಂದರೆ ನಿಮಗೆ ಒಪ್ಪಿಸುತ್ತೇವೆ. ರಾಂಗೆಲ್‌ನ ಮಂಚದ ಮೇಲೆ, ಒಲೆಯಿಂದ ಎರಡು ಹೆಜ್ಜೆಯಲ್ಲಿ, ಗೊಂಚಲಿಟ್ಟೆ. ನಲವತ್ತನಾಲ್ಕು ದಿನದ ಮೇಲೆ ಮಾರ್ಗಾ ನಾಲಿಗೆ ಚಾಚಿ ಒಂದೊಂದನ್ನೂ ನೋಡಿತು. ಒಂದು ಸುತ್ತು ಹಾಕಿತು, ಎರಡು, ಮೂರು. ಗದ್ದವನ್ನು ಮೇಲಿಟ್ಟಿತು. ಸ್ವಲ್ಪ ಹೊತ್ತಿಗೆ ಮಂಚದ ಕಬ್ಬಿಣ ಸಣ್ಣಗೆ ಅದುರತೊಡಗಿತು. ಬೆಳಗಿನವರೆಗೂ ಸೌದೆ ಹಾಕುತ್ತಾ ಕೂತೆ. ಸುರುಳಿಯ ಒಳಗೆ ತೂರಿಸಿದ್ದ ತಾಪಮಾಪಕ ಮೂವತ್ತು ಮುಕ್ಕಾಲು ತೋರಿಸುತ್ತಿತ್ತು. ನಿಮ್ಮ ಇಡೀ ಜಿಲ್ಲೆಯ ಜಾಲ ಕೊಡಲಾಗದ್ದನ್ನು ಒಂದು ಮುದಿ ಹಾವು ಹಸಿದ ಹೊಟ್ಟೆಯಲ್ಲಿ ಕೊಟ್ಟಿತು.

ಬೆಳಿಗ್ಗೆ ಎಂಟೂವರೆಗೆ ರಾಂಗೆಲ್ ಬಂದ. ಗುರುತಿನ ಚೀಟಿ ತೋರಿಸಿ ಸಹಿ ಹಾಕಿದರೆ ಬಿಡುತ್ತೇವೆ ಎಂದು ಒಬ್ಬ ಸಾರ್ಜೆಂಟನ ಜೊತೆ ಕಳಿಸಿದ್ದರು. ಬಾಗಿಲು ತೆರೆದಿದ್ದದ್ದನ್ನು ನೋಡಿದ, ಉರಿಯುವ ಒಲೆ ನೋಡಿದ, ಹರವಿದ ಗೋಧಿ ನೋಡಿದ, ಕೊನೆಗೆ ಮಂಚ ನೋಡಿದ.

“ಗಿನ್ಕಾ, ಅದು ಯೊರ್ದಾನಾ ಮಲಗ್ತಿದ್ದ ಮಗ್ಗುಲು.”

“ಗೊತ್ತಿರ್ಲಿಲ್ಲ ಅಣ್ಣ.”

“ಅವಳಿಗೂ ಗೊತ್ತಾಗೋದು ಬೇಡ.”

ಅಷ್ಟರಲ್ಲಿ ಅವನ ಹಿಂದಿನಿಂದ ಸಾರ್ಜೆಂಟ್ ಒಳಗೆ ಕಾಲಿಟ್ಟ. ದೊಡ್ಡ ಆಳು, ಬಾಗಿಲು ತುಂಬುವಂಥವನು. ಹಾವು ಕಂಡವನೇ ಹೆಂಗಸಿನ ಹಾಗೆ ಕಿರುಚಿದ ಎಂದು ಬರೆಯಬಹುದಿತ್ತು, ಆದರೆ ಆ ಕೋಣೆಯಲ್ಲಿದ್ದ ಹೆಂಗಸು ಕಿರುಚಿರಲಿಲ್ಲ. ಒಲೆಯ ಪಕ್ಕದ ಬೂದಿ ಸಲಿಕೆ ಎತ್ತಿಕೊಂಡ. “ಹೊಡೀಬೇಡಿ, ಸಾಕಿದ್ದು ಅದು, ಕಾಗದ ಇದೆ!” ಎಂದೆ. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ಪಕ್ಕಕ್ಕೆ ಜಾರಿ ಸುರುಳಿಯ ಅಂಚಿನಿಂದ ಹೊರಗೆ ಕಾಣುತ್ತಿದ್ದ ಮೊಟ್ಟೆಗಳಿಗೆ ಬಿತ್ತು. ಮೂರು ಒಡೆದವು. ಹಳದಿಯ ಜೊತೆ ಹೊರಗೆ ಬಂದವುಗಳಿಗೆ ಮೈಮೇಲಿನ ಪಟ್ಟೆ ಕೂಡ ಮೂಡಿತ್ತು. ಒಂದು ಸ್ವಲ್ಪ ಹೊತ್ತು ಬಾಯಿ ತೆರೆದು ಮುಚ್ಚಿತು.

ಮಾನ್ಯರೇ, ಹೆಬ್ಬಾವು ಕಚ್ಚಬಲ್ಲದು. ಓಡಬಲ್ಲದು. ಎರಡನ್ನೂ ಮಾಡಬೇಕೆಂದರೆ ಸುರುಳಿ ಸಡಿಲಿಸಬೇಕು. ಅದು ಸಡಿಲಿಸಲಿಲ್ಲ. ಇನ್ನಷ್ಟು ಬಿಗಿದುಕೊಂಡಿತು. ನಾನು ಸಾರ್ಜೆಂಟನ ತೋಳಿಗೆ ನೇತುಬಿದ್ದೆ, ಅವನು ನನ್ನನ್ನೂ ಸೇರಿಸಿ ಎತ್ತಿ ಹೊಡೆದ, ಮೂರು, ನಾಲ್ಕು. ಆಗ ಹಾವು ಓಡಿಸಲು ಮೂರು ಸಲ ಮೊದಲ ಸಹಿ ಹಾಕಿದ್ದ ಆ ಮುದುಕ, ಮುರಿದ ಪಕ್ಕೆಲುಬಿನವನು, ಮಂಚದ ಮೇಲೆ ಅಡ್ಡ ಬಿದ್ದ.

“ನಿಲ್ಸಯ್ಯ! ಕಾವಿಗೆ ಕೂತಿರೋದನ್ನ ಹೊಡೀತೀಯಲ್ಲ, ನಿನ್ನ ಹೆತ್ತೋಳಿಲ್ವೇನಯ್ಯ!”

ಐದನೇ ಏಟು ತಲೆಗೇ ಬಿತ್ತು. ಸಲಿಕೆಯ ಅಂಚು ರಾಂಗೆಲ್‌ನ ಕೈಯಿಂದ ನಾಲ್ಕು ಬೆರಳಿನ ದೂರದಲ್ಲಿ ಇಳಿಯಿತು. ಸಾರ್ಜೆಂಟ್ ಏದುಸಿರು ಬಿಡುತ್ತಾ, “ಇನ್ನೂ ಅಲ್ಲಾಡ್ತಿದೆ” ಎಂದ. ನಿಜ. ತಲೆ ಜಜ್ಜಿಹೋದ ಮೇಲೂ ಕಾಲು ಗಂಟೆ ಆ ಮೈ ನಡುಗುತ್ತಿತ್ತು. ಸುರುಳಿ ಬಿಡಿಸಲು ರಾಂಗೆಲ್ ಒಂದು ತುದಿ ಹಿಡಿದ, ನಾನೊಂದು ತುದಿ. ಜನವರಿಯಲ್ಲಿ ಬಿಡಿಸಿದ್ದಕ್ಕಿಂತ ಇದು ಕಷ್ಟವಾಯಿತು.

ಎಂಟು ಮೊಟ್ಟೆ ಉಳಿದವು. ಕಾವು ಕೊಡಲು ಯಾರೂ ಇಲ್ಲ. ಇಪ್ಪತ್ತೆಂಟು, ಇಳಿಯುತ್ತಿದೆ. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಸಾರ್ಜೆಂಟ್ ಸಹಿ ಹಾಕಿಸಿಕೊಂಡು, ಮಾರ್ಗಾಳನ್ನು ‘ಅಪಾಯಕಾರಿ ವಸ್ತು’ ಎಂದು ಗೋಣಿಗೆ ತುಂಬಿಕೊಂಡು ಹೋದ. ರಾಂಗೆಲ್ ಬೀರು ತೆರೆದು ಯೊರ್ದಾನಾ ಹೆಣೆದಿದ್ದ ಉಣ್ಣೆಯ ಉದ್ದ ಕಾಲುಚೀಲಗಳನ್ನು ಒಂದೊಂದಾಗಿ ಹೊರಗೆ ಹಾಕಿದ. ಹರವಿದ್ದ ಗೋಧಿಯನ್ನು ಬಾಣಲೆಗೆ ಸುರಿದು ಬಿಸಿ ಮಾಡತೊಡಗಿದ.

“ಇದು ಬೇಗ ಆರಲ್ಲ ಗಿನ್ಕಾ. ಚೀಲಕ್ಕೆ ತುಂಬಿಸು, ಸುತ್ತ ಇಡು. ಅಂಗೈಗೆ ತಾಳುವಷ್ಟು ಬಿಸಿ ಸಾಕಲ್ವಾ?”

“ಸಾಕು. ಆದ್ರೆ ಅಣ್ಣ, ಸಮಾಧಿಗೆ ಗೋಧಿ ಕಮ್ಮಿ ಬೀಳುತ್ತಲ್ಲ.”

“ಒಂದು ಬಟ್ಟಲು ತಗೊಂಡು ಹೋಗ್ತೀನಿ. ಬದುಕಿದ್ದಾಗ್ಲೂ ಅವಳು ಅದಕ್ಕಿಂತ ಜಾಸ್ತಿ ತಿಂತಿರ್ಲಿಲ್ಲ.”

ಹತ್ತು ಕಾಲುಚೀಲ. ನಲವತ್ತು ನಿಮಿಷಕ್ಕೊಮ್ಮೆ ಐದನ್ನು ತೆಗೆದು ಬಿಸಿಯಾದ ಐದನ್ನು ಇಡುವುದು. ಅವನು ಹನ್ನೊಂದಕ್ಕೆ ಬಟ್ಟಲು ಹಿಡಿದು, ಪಕ್ಕೆ ಹಿಡಿದು, ಸ್ಮಶಾನಕ್ಕೆ ಹೋಗಿ ಹನ್ನೆರಡೂವರೆಗೆ ಬಂದ. “ಪಾದ್ರಿ ಬೈದ್ರಾ?” ಎಂದೆ. “ಗೋಧಿ ಯಾಕಿಷ್ಟೇ ಅಂದ್ರು. ಉಳಿದದ್ದು ಮನೇಲಿ ಮಕ್ಳು ಮರಿಗೆ ಬೇಕಾಯ್ತು ಅಂದೆ.” ನಾಲ್ಕು ಗಂಟೆಗೆ ದೀಪ ಬಂತು. ಚೀಲ ಇಟ್ಟ ಮೇಲೆ ಅಲ್ಲಿಯವರೆಗೆ ಇಪ್ಪತ್ತೊಂಬತ್ತಕ್ಕಿಂತ ಕೆಳಗೆ ಬಿಡಲಿಲ್ಲ.

ಈಗ ನಿಮ್ಮ ಮೂರನೇ ವಾಕ್ಯಕ್ಕೆ ಬರುತ್ತೇನೆ. ವಿಳಂಬಕ್ಕೆ ಹಿಂಸಾಚಾರ ಕಾರಣವೇ? ಏಪ್ರಿಲ್ ಕೊನೆಯಲ್ಲಿ ನಿಮ್ಮ ಕಚೇರಿಯವರೇ ಒಬ್ಬರು ನನ್ನ ಕಿಟಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಯಾರೆಂದು ಕೇಳಬೇಡಿ, ಕಂಡದ್ದು ಮೊಣಕಾಲು ಮಾತ್ರ. ಕೀಲಿ ಈಸಿಕೊಂಡು ಎದ್ದೇಳುವಾಗ ಹೇಳಿದರು: “ಕೆಲಸ ನಾಲ್ಕು ಗಂಟೆಗೇ ಮುಗಿದಿತ್ತಕ್ಕ. ಐದಕ್ಕೆ ಸ್ವಿಚ್ಚಿನ ಹಿಡಿ ಮೇಲೆತ್ತೋದಷ್ಟೇ ಬಾಕಿ. ಅದೂ ನಿಮ್ಮ ಕಟ್ಟಡದಲ್ಲಲ್ಲ, ಬೀದಿ ಕೊನೇಲಿರೋ ಟ್ರಾನ್ಸ್‌ಫಾರ್ಮರ್ ಹತ್ರ. ನಾಳೆ ಸಂಜೆವರೆಗೂ ಎತ್ತಬೇಡಿ, ಬುದ್ಧಿ ಬರ್ಲಿ ಅಂತ ಮೇಲಿಂದ ಫೋನ್ ಬಂತು.”

ಬುದ್ಧಿ ಬರಲಿ! ಯಾರಿಗೆ? ಮೊಟ್ಟೆಗೆ? ಆರನೇ ಮಹಡಿಯ ಅಜ್ಜಿಗೆ? ರಾಂಗೆಲ್ ಸಲಾಕೆಯಿಂದ ಹೊಡೆದ, ಕಣ್ಣೆದುರು ಹೊಡೆದ, ಪೊಲೀಸರು ಕೇಳಿದಾಗ ಹೌದು ಎಂದ. ನಾನು ಕೀಲಿಬಳೆಯಿಂದ ಹೊಡೆದೆ, ಇಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ. ಸಾರ್ಜೆಂಟ್ ಹೆದರಿ ಹೊಡೆದ. ಒಬ್ಬರು ಮಾತ್ರ ಬೆಚ್ಚಗಿನ ಕೋಣೆಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ, ಇಪ್ಪತ್ತಮೂರು ಗಂಟೆ ಸತತವಾಗಿ ಹೊಡೆದರು. ಅವರ ಕೈಯಲ್ಲಿ ಸಲಿಕೆ ಇರಲಿಲ್ಲ, ಫೋನಿತ್ತು. ಹಿಂಸಾಚಾರದ ದೂರಿನಲ್ಲಿ ಅವರ ಹೆಸರೇಕಿಲ್ಲ?

ಆದ್ದರಿಂದ ಕೇಳುವುದು ಇಷ್ಟು. ಮಾರ್ಚ್ ಒಂಬತ್ತರ ಸಂಜೆ ಹಿಡಿ ಎತ್ತಬೇಡಿ ಎಂದ ಫೋನು ಯಾರದು ಎಂಬುದನ್ನು ಇದೇ ಪತ್ರಿಕೆಯಲ್ಲಿ ತಿಳಿಸಿ. ಅದು ನೀವೇ ಆಗಿದ್ದರೆ ‘ನಾನೇ’ ಎಂಬ ಎರಡಕ್ಷರ ಸಾಕು. ರಾಂಗೆಲ್‌ನ ಮೇಲೆ ನಿಮ್ಮ ಕಚೇರಿ ಹಾಕಿರುವ ಮೊಕದ್ದಮೆಯನ್ನು ಜೂನ್ ಆರರ ವಿಚಾರಣೆಯೊಳಗೆ ಹಿಂತೆಗೆದುಕೊಳ್ಳಿ, ಇಲ್ಲವೇ ಆರೋಪಿಗಳ ಸಾಲಿನಲ್ಲಿ ಆ ಫೋನಿಗೂ ಒಂದು ಕುರ್ಚಿ ಹಾಕಿಸಿ. ಸೂಚನೆಯನ್ನು ಬಾಗಿಲಿಗೆ ಅಂಟಿಸುವುದು ಬಿಟ್ಟು ಮನೆಮನೆಯ ಅಂಚೆಪೆಟ್ಟಿಗೆಗೆ ಹಾಕಿಸಿ. ಕಪ್ಪು ಅಂಚನ್ನು ಯಾರಿಗೆ ಸಲ್ಲಬೇಕೋ ಅವರಿಗೆ ಬಿಡಿ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ಆಸ್ಪಾರುಖ್‌ಗೆ ಕಚೇರಿಯ ಖರ್ಚಿನಲ್ಲಿ ಎರಡು ಹೊಸ ಹಲ್ಲು, ಇಪ್ಪತ್ತು ದಿನ ರಜೆ. ಜೊತೆಗಾರನಿಗೆ ಹನ್ನೆರಡು ದಿನ. ಸಾರ್ಜೆಂಟನಿಗೆ ಅಪಾಯಕಾರಿ ಪ್ರಾಣಿಯಿಂದ ನಾಗರಿಕರನ್ನು ಕಾಪಾಡಿದ್ದಕ್ಕೆ ಪ್ರಶಂಸಾಪತ್ರ. ನಿಮ್ಮ ಕಚೇರಿಗೆ ‘ಕಾಮಗಾರಿ ಪೂರ್ಣ’ ಎಂಬ ಒಂದು ಸಾಲು. ಯೊರ್ದಾನಾಗೆ ಹೊಸ ಚೀಟಿ, ಮೊದಲಿನದಕ್ಕಿಂತ ಚೆನ್ನಾದ ಫೋಟೋ. ರಾಂಗೆಲ್‌ಗೆ ವಿಚಾರಣೆಯ ತಾರೀಖು. ಎಂಟು ಮೊಟ್ಟೆಗಳಲ್ಲಿ ಮೂರು ಬಿರಿಯಲಿಲ್ಲ. ಐದು ಬಿರಿದವು, ಒಂದರ ಕತ್ತು ಕೊಕ್ಕೆಯಾಗಿತ್ತು, ಒಂಬತ್ತು ದಿನ ಬದುಕಿತ್ತು. ಉಳಿದದ್ದು ನಾಲ್ಕು. ಎರಡು ನನ್ನ ಹತ್ತಿರ, ಎರಡು ರಾಂಗೆಲ್‌ನ ಹತ್ತಿರ, ಒಲೆಯಿಂದ ಎರಡು ಹೆಜ್ಜೆಯಲ್ಲಿ. ಮಾರ್ಗಾಗೆ ಏನೂ ಸಿಗಲಿಲ್ಲ.

ಇಂತಿ,
ಈ ತಿಂಗಳ ಬಿಲ್ಲನ್ನೂ ಗಡುವಿನೊಳಗೇ ಕಟ್ಟಿರುವ ನಿಮ್ಮ ಬಳಕೆದಾರಳು,
ಗಿನ್ಕಾ
ಕೀಲಿಕೈ ಅಂಗಡಿ, ಹದಿನಾಲ್ಕನೇ ಕಟ್ಟಡ